ಕಾಶಮ್ಮನಿಗೆ ಗಂಡ ಸಿಕ್ಕಿದ್ದು

ಭದ್ರಾವತಿಯ ಜನ್ನಾಪುರದಲ್ಲಿ ಕಾಶಮ್ಮ ಎಂದರೆ ರೊಟ್ಟಿ ಕಾಶಮ್ಮ. ಮದುವೆಗೆ, ನಾಮಕರಣಕ್ಕೆ, ಮಠದ ದಾಸೋಹಕ್ಕೆ ಜೋಳದ ರೊಟ್ಟಿ ಬೇಕಾದವರು ಅವಳ ಮನೆಯನ್ನೇ ಕೇಳಿಕೊಂಡು ಬರುತ್ತಾರೆ. ಕಾಶಮ್ಮ ಅವಳ ಅಜ್ಜಿಯ ಹೆಸರು. ಅಜ್ಜಿಯಾಗಲಿ ಅಜ್ಜಿಯ ಹಿಂದಿನವರಾಗಲಿ ಕಾಶಿ ಕಂಡವರಲ್ಲ. ಗಂಡ ಉಜ್ಜನಪ್ಪ ಮನೆ ಬಿಟ್ಟು ಹೋಗದಿದ್ದರೆ ಇವಳೂ ಕಾಣುತ್ತಿರಲಿಲ್ಲ.

ಉಜ್ಜನಪ್ಪ ಊರಿನ ಒಂದು ಸಣ್ಣ ಫೌಂಡ್ರಿಯಲ್ಲಿ ಕೆಲಸಕ್ಕಿದ್ದ. ಮರಳಿನಲ್ಲಿ ಅಚ್ಚು ಕಟ್ಟಿ, ಕರಗಿದ ಕಬ್ಬಿಣ ಹೊಯ್ದು, ಆರಿದ ಮೇಲೆ ಒಡೆದು ತೆಗೆಯುವುದು. ಹುಡುಗನಾಗಿದ್ದಾಗಿನಿಂದ ಅದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ಫೌಂಡ್ರಿ ಮುಚ್ಚಿತು. ಆಮೇಲೆ ಅವನು ಸುಮ್ಮನೆ ಕೂತನೆಂದಲ್ಲ. ಪೆಟ್ರೋಲ್ ಬಂಕಿನಲ್ಲಿ ಒಂದಿಷ್ಟು ದಿನ ನಿಂತ, ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಒಂದಿಷ್ಟು ದಿನ ಮೂಟೆ ಹೊಲಿದ. ಎಲ್ಲಿಯೂ ಕೈ ಹತ್ತಲಿಲ್ಲ. ಅಷ್ಟರಲ್ಲಿ ಕಾಶಮ್ಮನ ರೊಟ್ಟಿ ವ್ಯಾಪಾರ ಕುದುರಿತು. ಜಗಲಿಯ ಮೇಲೆ ಕೂತಿದ್ದ ಅವನನ್ನು ಬಂದವರೆಲ್ಲ "ಅಮ್ಮಾವ್ರು ಇಲ್ವಾ?" ಎಂದು ಕೇಳತೊಡಗಿದರು. ಹಾಗೆ ಕೇಳಿದಾಗಲೆಲ್ಲ ಅವನು ಎದ್ದು ಒಳಗೆ ಹೋಗಿ, ಅವರು ಹೋಗುವವರೆಗೂ ಹಿತ್ತಿಲಲ್ಲಿ ನಿಂತಿರುತ್ತಿದ್ದ. ಕಾಶಮ್ಮ ಅದನ್ನು ನೋಡಿದ್ದಳು.

ಒಂದು ದಿನ ಹರಿಹರದಲ್ಲಿ ನೆಂಟರ ಗೃಹಪ್ರವೇಶವೆಂದು ಹೋದವನು ಯಾರದೋ ಫೋನಿನಿಂದ ಮಾತಾಡಿದ. "ಕಾಶಿಗೆ ಹೋಗ್ತಾ ಇದೀನಿ. ಹುಡುಕ್ಬೇಡ."

"ಊಟ ಮಾಡಿದ್ರಾ?" ಎಂದಳು ಕಾಶಮ್ಮ. ದಿನವೂ ಕೇಳುವ ಮಾತು ಬಾಯಿಗೆ ಬಂದುಬಿಟ್ಟಿತು. ಅಷ್ಟರಲ್ಲಿ ಫೋನ್ ಕಟ್ಟಾಯಿತು. ಬೇರೆ ಏನಾದರೂ ಕೇಳಬಹುದಿತ್ತು ಎಂದು ಅವಳು ಎಷ್ಟೋ ವರ್ಷ ತನ್ನನ್ನೇ ಬೈದುಕೊಂಡಳು.

ಆಗ ಮಗಳು ಸ್ಫೂರ್ತಿ ಪಿಯುಸಿ ಓದುತ್ತಿದ್ದಳು. ಪೊಲೀಸ್ ಸ್ಟೇಷನ್ನಿಗೆ ಹೋದರೆ, ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೋದವನು ಕಾಣೆಯಾದವನು ಹೇಗಾಗುತ್ತಾನೆ ಎಂದರು. ಉಜ್ಜನಪ್ಪ ಸನ್ಯಾಸಿಯಾದ ಎಂದು ಜನ್ನಾಪುರದಲ್ಲಿ ಸುದ್ದಿಯಾಯಿತು. ಟೀವಿಯಲ್ಲಿ ಜಟೆ ಬಿಟ್ಟವರ ಗುಂಪಿನಲ್ಲಿ ಅವನನ್ನು ಕಂಡೆವೆಂದು ಹೇಳಿದವರಿದ್ದರು. ಸ್ಫೂರ್ತಿ ಮಾತ್ರ ಅಪ್ಪನ ಹೆಸರೆತ್ತುವುದನ್ನು ಬಿಟ್ಟಳು. ಓದು ಮುಗಿಸಿ, ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿ, ಮದುವೆಯಾಗಿ ಆಲ್ಕೊಳದಲ್ಲಿ ಮನೆ ಮಾಡಿದಳು. ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವನು ಸೋದರಮಾವ ಹಾಲಸ್ವಾಮಿ.

ಆಲ್ಕೊಳ ಸರ್ಕಲ್ಲಿನ ಹತ್ತಿರ ಶಿವಯೋಗಿ ಎಂಬವನದು ಯಾತ್ರೆಯ ಆಫೀಸು. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಕಾಶಿ, ಪ್ರಯಾಗ, ಗಯೆಗೆ ಜನರನ್ನು ಕರೆದುಕೊಂಡು ಹೋಗುತ್ತಾನೆ. ನಮ್ಮ ಕಡೆಯವರಿಗೆ ಎಲ್ಲಿ ಹೋದರೂ ಅನ್ನ ಸಾರು ಬೇಕಲ್ಲ, ಅದಕ್ಕೆ ಅಡುಗೆಯವರೂ ಜೊತೆಗೇ ಹೋಗಬೇಕು. ಒಂದು ವರ್ಷ ಅವನ ಅಡುಗೆಯವನು ಹೊರಡುವ ಹೊತ್ತಿಗೆ ಜ್ವರ ಹಿಡಿದು ಮಲಗಿದ. ಸ್ಫೂರ್ತಿಯ ಮದುವೆಯಲ್ಲಿ ಕಾಶಮ್ಮನ ಕೈಯಡುಗೆ ಉಂಡಿದ್ದ ಶಿವಯೋಗಿ ನೇರ ಜನ್ನಾಪುರಕ್ಕೆ ಬಂದ.

"ಹೆಂಗಸರಿಗೆ ಇಷ್ಟು ಜನಕ್ಕೆ ಮಾಡೋಕಾಗುತ್ತಾ ಅಂತ ಕೇಳೋರಿದಾರೆ. ನಿಮ್ಮ ಕೈಯಲ್ಲಿ ಆಗುತ್ತಾ?"

"ಕಾಶಿಲಿ ಎಷ್ಟು ದಿನ ಇರ್ತೀರಿ?" ಎಂದಳು ಕಾಶಮ್ಮ. ಸಂಬಳ ಎಷ್ಟೆಂದು ಕೇಳಲಿಲ್ಲ. ಮಗಳಿಗೆ ಈ ವಿಷಯ ತಿಳಿದದ್ದು ಅಮ್ಮ ರೈಲು ಹತ್ತಿದ ಮೇಲೆ.

ಅವರು ಇಳಿದುಕೊಂಡ ಛತ್ರ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿತ್ತು. ಆ ಕಡೆ ತಮಿಳರು ಹೆಚ್ಚು. ಜನ್ನಾಪುರದಲ್ಲಿ ಎರಡೂ ಕಡೆ ತಮಿಳು ಮನೆಗಳ ನಡುವೆ ಬಾಳಿದ ಕಾಶಮ್ಮನಿಗೆ ಆ ಭಾಷೆ ಬರುತ್ತಿತ್ತು. ಹಿಂದಿ ಬಾರದ ಊರಿನಲ್ಲಿ ತೆಂಗಿನಕಾಯಿ, ಹುಣಸೆಹಣ್ಣನ್ನು ತಮಿಳಿನಲ್ಲಿ ಚೌಕಾಸಿ ಮಾಡಿ ತಂದಳು. ಬೆಳಕು ಹರಿಯುವಾಗ ಹೊಳೆಗೆ ಇಳಿದು ಮುಳುಗು ಹಾಕಿ ಬಂದು ಒಲೆ ಹಚ್ಚುತ್ತಿದ್ದಳು. ಗಂಗೆ ಅವಳು ನೆನೆಸಿದ್ದಕ್ಕಿಂತ ಅಗಲವಾಗಿತ್ತು. ಈಚೆ ದಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ, ಆಚೆ ದಡದಲ್ಲಿ ಬರಿಯ ಮರಳು. ಕೈ ಮುಗಿದರೂ ಅವಳ ಮನಸ್ಸು ದೇವರಲ್ಲಿ ನಿಲ್ಲುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತ ಗಡ್ಡದವರ ಮುಖವನ್ನೆಲ್ಲ ನೋಡುತ್ತಿದ್ದಳು. ಬೆನ್ನು ಹಾಕಿ ಕೂತವರಿದ್ದರೆ ಸುತ್ತಿ ಬಳಸಿ ಎದುರಿಗೆ ಹೋಗುತ್ತಿದ್ದಳು. ಒಮ್ಮೆ ಒಬ್ಬ ಸಾಧು ಚಿಮಟ ಎತ್ತಿ ಗದರಿಸಿದ. ಮಧ್ಯಾಹ್ನ ಪಾತ್ರೆ ತೊಳೆಸಿ ಆದಮೇಲೆ ಅನ್ನ ಹಾಕುವ ಮಠಗಳ ಪಂಕ್ತಿಗಳ ಬದಿಯಲ್ಲಿ ನಡೆದು ಬರುತ್ತಿದ್ದಳು. ಉಜ್ಜನಪ್ಪ ಸಿಗಲಿಲ್ಲ.

ಮರುವರ್ಷ ಶಿವಯೋಗಿ ಹಳೆಯ ಅಡುಗೆಯವನನ್ನು ಕರೆಯಲಿಲ್ಲ. ಯಾತ್ರೆಯವರೇ ಕಾಶಮ್ಮ ಬೇಕೆಂದು ಕೇಳಿದ್ದರು. ಅವಳು ಮತ್ತೆ ಹೋದಳು, ಮತ್ತೆ ಹುಡುಕಿದಳು. ಅದರ ಮುಂದಿನ ವರ್ಷ ಹೊರಡುವ ಮೊದಲು ಹಾಲಸ್ವಾಮಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಅಕ್ಕ, ಇನ್ನೆಷ್ಟು ವರ್ಷ ಅಂತ ಕಾಯ್ತೀಯ. ಜಂಗಮವಾಡಿ ಮಠದಲ್ಲಿ ಭಾವನ ಹೆಸರಲ್ಲಿ ಒಂದು ಲಿಂಗ ಕೊಟ್ಟು ಬಂದ್ಬಿಡು. ಇದ್ರೆ ಇರ್ಲಿ. ಇಲ್ದಿದ್ರೆ ಆತ್ಮಕ್ಕೆ ಶಾಂತಿ."

ತೀರಿಕೊಂಡವರ ಹೆಸರಿನಲ್ಲಿ ಲಿಂಗ ಕೊಡುವುದು ಆ ಮಠದ ಪದ್ಧತಿ. ಗೋಡೆಯುದ್ದಕ್ಕೂ, ಅಂಗಳದಲ್ಲಿ, ಮೂಲೆ ಮೂಲೆಯಲ್ಲಿ ಸಣ್ಣ ದೊಡ್ಡ ಲಿಂಗಗಳು ಒತ್ತೊತ್ತಾಗಿ ಕೂತಿದ್ದವು. ಅಲ್ಲಿ ಕನ್ನಡದಲ್ಲೇ ಮಾತಾಡಿಸಿದರು. ಯಾರ ಹೆಸರಿನಲ್ಲಿ ತಾಯಿ ಎಂದು ಕೇಳಿದಾಗ ಕಾಶಮ್ಮ ತನ್ನ ತಾಯಿಯ ಹೆಸರು ಹೇಳಿದಳು. ಹೊರಗೆ ಬಂದು ಗೊದೌಲಿಯಾ ಚೌಕದ ಗದ್ದಲದಲ್ಲಿ ನಿಂತಾಗ ಅವಳಿಗೆ ತಾನು ಮಾಡಿದ್ದು ಸರಿಯೆಂದೇ ಅನ್ನಿಸಿತು. ಊರಿಗೆ ಬಂದು, ಲಿಂಗ ಕೊಟ್ಟೆ ಎಂದಷ್ಟೇ ತಮ್ಮನಿಗೆ ಹೇಳಿದಳು.

ಆಮೇಲೆ ಅವಳ ಹುಡುಕಾಟ ತಾನಾಗಿಯೇ ಸಡಿಲವಾಯಿತು. ಯಾತ್ರೆಯ ಕೆಲಸ ಮಾತ್ರ ಬಿಡಲಿಲ್ಲ. ರೈಲು, ಬೇರೆ ಊರಿನ ತರಕಾರಿ, ಊಟ ಮುಗಿಸಿ ಎದ್ದವರು ಎಲೆಯ ಮುಂದೆ ನಿಂತು ಹೇಳುವ ಒಂದು ಒಳ್ಳೆಯ ಮಾತು, ಇವೆಲ್ಲ ಅವಳಿಗೆ ರೂಢಿಯಾಗಿದ್ದವು. ಅವು ಅವಳಿಗೆ ಬೇಕಾಗಿಯೂ ಇದ್ದವು.

ಹಾಗೆ ಹೋದ ಒಂದು ವರ್ಷ ಛತ್ರದ ಹಿತ್ತಾಳೆ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವಾಗ ಅದರ ಒಂದು ಕಿವಿ ಕಿತ್ತು ಕೈಗೆ ಬಂತು. ಪುಣ್ಯಕ್ಕೆ ಯಾರ ಮೇಲೂ ಚೆಲ್ಲಲಿಲ್ಲ. ಹಳೆಯ ಕಾಲದ ಪಾತ್ರೆ, ಸರಿ ಮಾಡಿಸಿಕೊಡಿ ಎಂದು ಛತ್ರದವರು ಪಟ್ಟು ಹಿಡಿದರು. ಶಿವಯೋಗಿ ಜನರನ್ನು ಕರೆದುಕೊಂಡು ದೋಣಿ ಹತ್ತಿದ್ದ. ಕಾಶಮ್ಮ ಕೊಪ್ಪರಿಗೆಯನ್ನು ಈ-ರಿಕ್ಷಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅವರು ಹೇಳಿದ ಕಾಶೀಪುರವೆಂಬ ಪೇಟೆಯ ಕಂಚುಗಾರರ ಓಣಿಗೆ ಹೋದಳು. ಅಂಗಡಿಯವನು ಕೊಪ್ಪರಿಗೆಯನ್ನು ತಿರುಗಿಸಿ ನೋಡಿ, ಹಿಂದಿನ ಶೆಡ್ಡಿಗೆ ಕೊಂಡುಹೋಗಲು ಕೈ ತೋರಿಸಿದ.

ಶೆಡ್ಡಿನಲ್ಲಿ ಒಬ್ಬ ಕುಕ್ಕರುಗಾಲಲ್ಲಿ ಕೂತು ಪೆಟ್ಟಿಗೆಗೆ ಮರಳು ತುಂಬಿ ಕುಟ್ಟುತ್ತಿದ್ದ. ಕುಟ್ಟಿ, ಅಂಗೈಯಿಂದ ಸವರಿ, ಕೈಯನ್ನು ತೊಡೆಗೆ ಒರೆಸಿಕೊಂಡ. ಬೆನ್ನು ಈ ಕಡೆ ಇತ್ತು. ಕಾಶಮ್ಮನಿಗೆ ಆ ಬೆನ್ನು ಯಾರದೆಂದು ತಿಳಿಯಿತು. ಈ ಸಲ ಅವಳು ಸುತ್ತಿ ಎದುರಿಗೆ ಹೋಗಲಿಲ್ಲ. ಇದ್ದಲ್ಲೇ ನಿಂತಳು.

ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ ಅವನು ತಿರುಗಿದ.

"ಕಾಶೀ," ಅಂದ. ಮದುವೆಯಾದಾಗಿನಿಂದ ಅವನು ಅವಳನ್ನು ಕರೆಯುತ್ತಿದ್ದುದು ಹಾಗೆಯೇ.

"ಇದ್ರ ಕಿವಿ ಕಿತ್ತೋಗಿದೆ," ಎಂದಳು ಅವಳು.

ಉಜ್ಜನಪ್ಪ ಎದ್ದು ಬಂದು ಕೊಪ್ಪರಿಗೆ ತೆಗೆದುಕೊಂಡ. ಮುರಿದ ಕಡೆ ಬೆರಳಾಡಿಸಿದ. "ಬೆಸುಗೆ ನಿಲ್ಲಲ್ಲ. ಹೊಸ ಕಿವಿ ಎರಕ ಹೊಯ್ಬೇಕು."

"ಯಾವಾಗ ಸಿಗುತ್ತೆ?"

"ನಾಳೆ ಬೆಳಿಗ್ಗೆ ನಾನೇ ತಂದ್ಕೊಡ್ತೀನಿ."

ಅವನು ಸ್ಟೂಲು ಹಾಕಿದ. ಮಣ್ಣಿನ ಕುಡಿಕೆಯಲ್ಲಿ ಚಹಾ ತರಿಸಿದ. ಗಡ್ಡವಿಲ್ಲ, ಕಾವಿಯಿಲ್ಲ. ಮೈ ತುಂಬಿಕೊಂಡು ಚೆನ್ನಾಗಿಯೇ ಇದ್ದ. ಕಾಶಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಅವಳು ಒಬ್ಬ ಬಡಕಲು ಮನುಷ್ಯನನ್ನು, ಯಾರದೋ ಪಂಕ್ತಿಯ ಕೊನೆಯಲ್ಲಿ ತಟ್ಟೆ ಹಿಡಿದು ಕೂತವನನ್ನು ಮನಸ್ಸಿನಲ್ಲಿಟ್ಟುಕೊಂಡು ಮರುಗಿದ್ದಳು. ಆ ಮರುಕಕ್ಕೆಲ್ಲ ಅರ್ಥವೇ ಇಲ್ಲವಾಯಿತು.

"ಬೇರೆ ಮದುವೆ ಆಗಿದೀರಾ?"

"ಛೆ, ಏನ್ ಮಾತು ಮಾರಾಯ್ತಿ."

ಕಾಶಿಗೆ ಬಂದ ಹೊಸದರಲ್ಲಿ ಮಠದ ಊಟ ಉಂಡು ಮೆಟ್ಟಿಲ ಮೇಲೆ ಮಲಗುತ್ತಿದ್ದೆ ಎಂದ. ಸನ್ಯಾಸ ಗಿನ್ಯಾಸ ಅವನಿಗೆ ಒಗ್ಗಲಿಲ್ಲ. ಒಂದು ದಿನ ಈ ಓಣಿಯಲ್ಲಿ ಹಾದುಹೋಗುವಾಗ ಮರಳು ಕುಟ್ಟುವ ಸದ್ದು ಕೇಳಿ ಒಳಗೆ ಇಣುಕಿದ್ದ. ಕೆಲಸದವನು ತಪ್ಪು ಕಟ್ಟುತ್ತಿದ್ದ ಅಚ್ಚನ್ನು ತಾನೇ ಬಿಚ್ಚಿ ಕಟ್ಟಿಕೊಟ್ಟ. ಅವತ್ತಿನಿಂದ ಇಲ್ಲೇ.

"ಒಂದು ಫೋನ್ ಮಾಡೋಕೇನಾಗಿತ್ತು?"

"ಮೊದ್ಲು ನಾಚಿಕೆ ಆಯ್ತು. ಆಮೇಲೆ ಬಹಳ ದಿನ ಆಗೋಯ್ತು ಅಂತ ನಾಚಿಕೆ ಆಯ್ತು."

ಅವನು ಸ್ಫೂರ್ತಿಯ ವಿಷಯ ಕೇಳಿದ. ಕಾಶಮ್ಮ ಎಲ್ಲ ಹೇಳಿದಳು: ಕೆಲಸ, ಮದುವೆ, ಅಳಿಯ, ಅಮೂಲ್ಯಾ ಎಂಬ ಮೊಮ್ಮಗಳು. ಅವನು ತಲೆ ತಗ್ಗಿಸಿ, ಪೆಟ್ಟಿಗೆಯ ಅಂಚಿನಲ್ಲಿದ್ದ ಮರಳನ್ನು ಕೆರೆದು ಕೆರೆದು ಒಂದೇ ಕಡೆ ಗುಡ್ಡೆ ಮಾಡುತ್ತ ಕೇಳಿದ. ಅವಳು ಮುಗಿಸಿದ ಮೇಲೆ, "ಊರಿಗೆ ಬಂದ್ಬಿಡ್ಲಾ?" ಎಂದ.

"ಸಾರಿಗಿಡ್ಬೇಕು, ಹೊತ್ತಾಯ್ತು," ಎಂದು ಕಾಶಮ್ಮ ಎದ್ದಳು.

ಸಂಜೆ ಮಗಳಿಗೆ ಫೋನ್ ಮಾಡಿದಳು. ಸ್ಫೂರ್ತಿ ಎಲ್ಲ ಕೇಳಿಸಿಕೊಂಡು, "ನೀನು ಏನ್ ಬೇಕಾದ್ರೂ ಮಾಡಮ್ಮ. ನಮ್ಮನೆಗೆ ಮಾತ್ರ ಕರ್ಕೊಂಡ್ ಬರ್ಬೇಡ," ಎಂದಳು. ಯಾತ್ರೆಯಲ್ಲಿದ್ದ ರಿಟೈರ್ಡ್ ಟೀಚರ್ ಮೀರಾ ಅಡುಗೆಮನೆಗೆ ಬಂದು ಅವಳ ಮುಖ ನೋಡಿ ವಿಷಯ ತಿಳಿದುಕೊಂಡರು. "ವಿಶ್ವನಾಥನೇ ಕೊಟ್ಟಿದಾನೆ, ಕರ್ಕೊಂಡು ಹೋಗಿಬಿಡಿ ಕಾಶಮ್ಮ," ಎಂದರು. ಕಾಶಮ್ಮ ತೊಗರಿಬೇಳೆ ತೊಳೆಯುತ್ತ ಯೋಚಿಸಿದಳು. ಜನ್ನಾಪುರದ ಆ ಜಗಲಿ ಈಗಿಲ್ಲ. ಅಲ್ಲಿ ತಗಡು ಹಾಕಿಸಿ ರೊಟ್ಟಿ ಒಲೆಗಳನ್ನು ಮಾಡಿಸಿದ್ದಾಳೆ, ಓಣಿಯ ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಇವನು ಎಲ್ಲಿ ಕೂರುತ್ತಾನೆ? ಬಂದವರು ಮತ್ತೆ ಅಮ್ಮಾವ್ರಿಲ್ವಾ ಅನ್ನುತ್ತಾರೆ.

ಬೆಳಿಗ್ಗೆ ಉಜ್ಜನಪ್ಪ ಕೊಪ್ಪರಿಗೆ ತಂದ. ಹೊಸ ಕಿವಿಯನ್ನು ಉಜ್ಜಿ ಹೊಳೆಯುವಂತೆ ಮಾಡಿದ್ದ. ಒಗೆದ ಅಂಗಿ ತೊಟ್ಟಿದ್ದ. ತಿಂಡಿಯ ಪಂಕ್ತಿಯಲ್ಲಿ ಅವನನ್ನೂ ಕೂರಿಸಿ ಕಾಶಮ್ಮ ಉಪ್ಪಿಟ್ಟು ಬಡಿಸಿದಳು. ಅವನು ಕತ್ತೆತ್ತದೆ ತಿಂದ. ಎಲ್ಲರೂ ಎದ್ದ ಮೇಲೆ ಅವನನ್ನು ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿಕೊಂಡಳು.

"ಊರಿಗೆ ಬಂದ್ರೆ ಏನ್ ಮಾಡ್ತೀರಿ?"

ಉಜ್ಜನಪ್ಪ ಕಟ್ಟೆಯ ಮೇಲಿನ ಧೂಳನ್ನು ಅಂಗೈಯಿಂದ ಸವರಿದ.

"ಇಲ್ಲಿ ಕೆಲಸ ಇದೆಯಲ್ಲ," ಎಂದಳು ಕಾಶಮ್ಮ.

"ಇದೆ."

"ಮರ್ಯಾದೆಯಿಂದ ನೋಡ್ಕೊಳ್ತಾರಾ?"

"ಉಸ್ತಾದ್ ಅಂತಾರೆ," ಎಂದ. ಹಾಗೆ ಹೇಳುವಾಗ ಅವನ ಮುಖದಲ್ಲಿ ಬಂದ ಕಳೆಯನ್ನು ಕಾಶಮ್ಮ ಭದ್ರಾವತಿಯಲ್ಲಿ ಕೊನೆಕೊನೆಗೆ ಕಂಡೇ ಇರಲಿಲ್ಲ.

"ಹಂಗಾದ್ರೆ ಇಲ್ಲೇ ಇರಿ. ನಾನು ವರ್ಷ ವರ್ಷ ಬರ್ತೀನಿ. ಇರೋಷ್ಟು ದಿನ ಇಲ್ಲಿ ಊಟಕ್ಕೆ ಬನ್ನಿ. ವಾರಕ್ಕೊಂದು ಸಲ ಫೋನ್ ಮಾಡಿ. ಮಾಡದಿದ್ರೆ ಆ ಲಿಂಗ ಕೊಡೋದು ಖಂಡಿತ."

ಯಾವ ಲಿಂಗ ಎಂದು ಅವನು ಕೇಳಿದ. ಅವಳು ಹೇಳಿದಳು. ಉಜ್ಜನಪ್ಪ ನಗಲು ಹೋಗಿ ಅತ್ತುಬಿಟ್ಟ. ಅವಳು ಸೆರಗಿನ ತುದಿ ಕೊಡಲಿಲ್ಲ, ಎದ್ದೂ ಹೋಗಲಿಲ್ಲ. ಅವನು ಮುಗಿಸುವವರೆಗೂ ಪಕ್ಕದಲ್ಲಿ ಕೂತಿದ್ದಳು.

ಊರಿನಲ್ಲಿ ಕೇಳಿದವರಿಗೆ ಕಾಶಮ್ಮ ಇದ್ದದ್ದನ್ನೇ ಹೇಳಿದಳು. "ಸಿಕ್ಕಿದ್ರು. ಆರಾಮಾಗಿದಾರೆ. ಹಿತ್ತಾಳೆ ಕೆಲಸ." ಜನರಿಗೆ ಅದು ರುಚಿಸಲಿಲ್ಲ. ಸ್ವಾಮಿಯಾಗಿದ್ದರೆ ಕಾಲಿಗೆ ಬೀಳಬಹುದಿತ್ತು, ಸತ್ತಿದ್ದರೆ ಅಯ್ಯೋ ಅನ್ನಬಹುದಿತ್ತು. ಭಾವನನ್ನು ಕರೆತರಲಿಲ್ಲವೆಂದು ಹಾಲಸ್ವಾಮಿ ಅಕ್ಕನ ಮೇಲೆ ಕೋಪಿಸಿಕೊಂಡು ಮಾತು ಬಿಟ್ಟು, ಹಬ್ಬ ಬಂದಾಗ ತಾನೇ ಬಂದು ಮಾತಾಡಿಸಿದ. ಉಜ್ಜನಪ್ಪ ಸೋಮವಾರ ಸೋಮವಾರ ಫೋನ್ ಮಾಡಿದ. ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ. ಅಲ್ಲಿ ಮಂಜು ಬಿದ್ದಿದೆ, ಹೊಳೆ ಏರಿ ಮೆಟ್ಟಿಲು ಮುಳುಗಿವೆ, ಇಲ್ಲಿ ಜೋಳ ಸರಿಯಾಗಿ ಬಂದಿಲ್ಲ, ಇಷ್ಟೇ.

ಮರುವರ್ಷ ಅವನು ಮೊಮ್ಮಗಳಿಗೆಂದು ಹಿತ್ತಾಳೆಯ ಪುಟ್ಟ ಆನೆಯೊಂದನ್ನು ಎರಕ ಹೊಯ್ದು ಕೊಟ್ಟ. ಸ್ಫೂರ್ತಿ ಅದನ್ನು ಕಪಾಟಿನ ಮೇಲೆ ಕೈಗೆ ಎಟುಕದಂತೆ ಇಟ್ಟಳು. ಒಂದು ಭಾನುವಾರ ಮಗುವನ್ನು ತ್ಯಾವರೆಕೊಪ್ಪದ ಸಫಾರಿಗೆ ಕರೆದೊಯ್ದು ಹುಲಿ, ಸಿಂಹ ತೋರಿಸಿ ಬಂದ ಮೇಲೆ ಅಮೂಲ್ಯಾ ಹಟ ಹಿಡಿದು ಆನೆಯನ್ನು ಇಳಿಸಿಕೊಂಡಳು. ಅಂದಿನಿಂದ ಅದು ಅವಳ ದಿಂಬಿನ ಪಕ್ಕದಲ್ಲೇ ಇದೆ. ಇದನ್ನು ಮಾಡಿದ್ದು ಯಾರು ಎಂದು ಅವಳು ಕೇಳಿದಾಗ ಸ್ಫೂರ್ತಿ, "ನಿನ್ನ ತಾತ," ಎಂದಳಂತೆ.

ಈ ಸಲ ದೀಪಾವಳಿಗೆ ಮುಂಚೆ ಸ್ಫೂರ್ತಿ ಜನ್ನಾಪುರಕ್ಕೆ ಬಂದು, ಶಿವಯೋಗಿಯ ಆಫೀಸಿನಲ್ಲಿ ತನಗೂ ಮಗುವಿಗೂ ಸೀಟು ಹೇಳಿ ಬಂದಿದ್ದೇನೆ ಎಂದಳು. "ಗಂಗಾಸ್ನಾನಕ್ಕೆ ಬರ್ತಿರೋದು. ಬೇರೆ ಯಾರನ್ನೂ ನೋಡ್ತೀನಿ ಅಂತ ಹೇಳ್ಲಿಲ್ಲ."

"ನಾನೂ ಕೇಳ್ಲಿಲ್ಲ," ಎಂದಳು ಕಾಶಮ್ಮ.

ಸೋಮವಾರ ಫೋನ್ ಬಂದಾಗ ಅವಳು ಉಜ್ಜನಪ್ಪನಿಗೆ ಈ ವಿಷಯ ಹೇಳಿದಳು. ಅವನು, ಮಗುವಿಗೆ ಚಳಿ ತಡೆಯಲ್ಲ, ದಪ್ಪ ಸ್ವೆಟರ್ ಹಾಕಿಸಿ ಕರ್ಕೊಂಡು ಬಾ ಎಂದ. ಕಾಶಮ್ಮ ಆಗಲಿ ಎಂದು ಫೋನಿಟ್ಟು, ಯಾತ್ರೆಗೆ ಕುಟ್ಟಿಸಬೇಕಿದ್ದ ಮೆಣಸಿನಕಾಯಿಯನ್ನು ಬಿಸಿಲಿಗೆ ಹರವಲು ಹೊರಗೆ ಹೋದಳು.