ಇನ್ನೊಂದು ಮುದ್ದೆ ಇಕ್ಕಿಸ್ಕೊ

ಈಚೀಚೆಗೆ ನಾನು ಮದುವೆಮನೆಗಳಿಂದ ಹಸಿದುಕೊಂಡೇ ಬರುತ್ತಿದ್ದೇನೆ. ಅಡುಗೆ ಚೆನ್ನಾಗಿರುವುದಿಲ್ಲವೆಂದಲ್ಲ. ಮೊನ್ನೆ ಮದ್ದೂರಿನ ಛತ್ರವೊಂದರಲ್ಲಿ ತಟ್ಟೆ ಹಿಡಿದು ಬಫೆಯ ಸಾಲಿನಲ್ಲಿ ನಿಂತಿದ್ದೆ. ಬಡಿಸುವವನು ಸೌಟು ಎತ್ತಿದ. ಅಭ್ಯಾಸಬಲದಿಂದ ‘ಸಾಕು’ ಎಂದೆ. ಅವನು ನಿಜವಾಗಿಯೂ ನಿಲ್ಲಿಸಿಬಿಟ್ಟ! ನಮ್ಮ ಸೀಮೆಯಲ್ಲಿ ಮೊದಲ ‘ಸಾಕು’ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಾಗಿದರಷ್ಟೇ ಹೊಟ್ಟೆ ತುಂಬಿದೆ ಎಂದರ್ಥ.

ಈ ಬಲವಂತದ ವಿಶ್ವವಿದ್ಯಾಲಯವೆಂದರೆ ಬೀಗರೂಟ, ಮದುವೆಯ ಮಾರನೆಯ ದಿನ ಹೊಸ ನೆಂಟರಿಗೆ ಹಾಕುವ ಬಾಡೂಟ. ‘ಬೀಗರು’ ಎಂಬ ಮಾತು ಬೀಗುವುದರಿಂದ ಬಂತೋ ಬಾಗಿಲಿಗೆ ಹಾಕುವ ಬೀಗದಿಂದ ಬಂತೋ ಪಂಡಿತರು ಹೇಳಬೇಕು. ಎರಡನ್ನೂ ಅನುಭವಿಸಿದ ನಾನು ಯಾವುದನ್ನೂ ಅಲ್ಲಗಳೆಯಲಾರೆ. ಅಂಥ ಊಟಗಳಲ್ಲಿ ನೆಲದ ಮೇಲೆ ಉದ್ದ ಚಾಪೆ ಹಾಸಿ, ಪಂಕ್ತಿಯಲ್ಲಿ ಕೂರಿಸಿ, ‘ಇನ್ನೊಂದು ಮುದ್ದೆ ಇಕ್ಕಿಸ್ಕೊ’ ಎಂದು ಗದರುತ್ತಿದ್ದ ಕಾಲ ನೆನೆದರೆ ನನಗೆ ಈಗಲೂ ಬಾಯಲ್ಲಿ ನೀರೂರುತ್ತದೆ. ಹೋದ ವರ್ಷ ಮಗಳ ಮದುವೆ ಗೊತ್ತಾದಾಗ, ಬೀಗರೂಟವನ್ನಾದರೂ ಮಳವಳ್ಳಿ ಪಕ್ಕದ ನಮ್ಮೂರಿನಲ್ಲಿ ಹಳೆಯ ಕ್ರಮದಲ್ಲೇ ಮಾಡಬೇಕೆಂದು ಹಟ ಹಿಡಿದೆ. ‘ಸಂಸ್ಕೃತಿ ಉಳಿಸಬೇಕು’ ಎಂದೆ. ನಿವೃತ್ತ ಮೇಷ್ಟರ ಬಾಯಲ್ಲಿ ಈ ಮಾತು ಬಹಳ ಸಲೀಸಾಗಿ ಬರುತ್ತದೆ.

ಕರೆಯಲು ಮೊದಲು ಹೋದದ್ದು ಸಿದ್ದರಾಜುವಿನ ಮನೆಗೆ. ಅವನು ನಮ್ಮೂರಿನವನೇ, ಕೆಳಗಿನ ಕೇರಿಯವನು. ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಓದಿದವರು, ಕೊನೆಗೆ ಮಂಡ್ಯದಲ್ಲಿ ಒಂದೇ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಬುದ್ಧನ ಪಟವಿರುವ ಅವನ ನಡುಮನೆಯಲ್ಲಿ ಕಾಫಿ ಕುಡಿಯುತ್ತ ಪಂಕ್ತಿಯ ವೈಭವವನ್ನು ವರ್ಣಿಸಿದೆ. ಅವನು ಎಲ್ಲ ಕೇಳಿ, ಲೋಟ ಕೆಳಗಿಟ್ಟ.

“ಯಾವ ಪಂಕ್ತಿಲಾ ಚನ್ನ? ನಾನು ನೋಡೇ ಇಲ್ವಲ್ಲ.”

“ಯಾಕ್ಲಾ, ನಮ್ಮಣ್ಣನ ಮದ್ವೇಲಿ ನೀನೂ ಇದ್ದೆ.”

“ಇದ್ದೆ. ನಿಮ್ಮ ಕೊಟ್ಗೆ ಇಂದೆ, ಉಣಸೆ ಮರದ ಕೆಳಗೆ. ನಿಮ್ದೆಲ್ಲ ಮುಗುದ್ಮೇಲೆ ಕರುದ್ರು. ತಟ್ಟೆ ನಮ್ಮವ್ವ ಮನೆಯಿಂದ್ಲೇ ತಂದಿದ್ಲು.” ಸಿಟ್ಟಿಲ್ಲದೆ, ಹಳೆಯ ಪಾಠ ಒಪ್ಪಿಸುವವನಂತೆ ಹೇಳಿದ. “ನಿಂಗೆ ಬಫೆ ಕಂಡ್ರೆ ಆಗಲ್ಲ. ನಂಗೆ ಅದೇ ವಾಸಿ ಕಣ್ಲಾ. ತಟ್ಟೆ ಇಡ್ಕಂಡು ನಿಂತ್ರೆ ಮುಂದ್ಲವನು ಯಾರು, ಇಂದ್ಲವನು ಯಾರು, ಒಬ್ರೂ ಕೇಳಲ್ಲ.”

ಆ ಹುಣಸೆಮರ ನನಗೆ ಚೆನ್ನಾಗಿ ಗೊತ್ತು. ಅದರ ಕಾಯಿಯ ಹುಳಿ ಈಗಲೂ ನಾಲಿಗೆಯ ಮೇಲಿದೆ. ಆದರೆ ಅದರ ಕೆಳಗೆ ಕೂತವರ ಮುಖ ಎಷ್ಟು ಯೋಚಿಸಿದರೂ ಬರಲಿಲ್ಲ. ನೆನಪೂ ಕೂಡ ಸಂಸ್ಕೃತಿ ಹಾಸಿದ ಚಾಪೆಯ ಮೇಲೆಯೇ ಕೂರುತ್ತದೆ ಎಂದು ಅವತ್ತು ತಿಳಿಯಿತು.

“ಹಂಗಾದ್ರೆ ಪಂಕ್ತಿ ಬ್ಯಾಡ ಬುಡು,” ಎಂದೆ.

“ಬ್ಯಾಡ ಯಾಕೆ? ಮಾಡು. ನಾನೂ ಒಂದ್ ದಪ ಕುಂತು ನೋಡ್ತೀನಿ.”

ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೊದಲನೇ ಪಂಕ್ತಿಯಲ್ಲಿ ನನ್ನ ಬೀಗರ ಪಕ್ಕದಲ್ಲಿ ಕೂತ. ಬಲವಂತದ ಅಧಿಕಾರವೆಲ್ಲ ನಮ್ಮ ದೊಡ್ಡಮ್ಮನದು. ಎಂಬತ್ತು ದಾಟಿದ್ದಾಳೆ, ಕಣ್ಣು ಮಂಜು. ಕೋಲೂರಿಕೊಂಡು ಒಂದೊಂದೇ ಎಲೆಯ ಮುಂದೆ ನಿಂತು ಮುಖಕ್ಕೆ ಮುಖವಿಟ್ಟು ವಿಚಾರಿಸುತ್ತ ಬಂದಳು. ಸಿದ್ದರಾಜುವಿನ ಮುಂದೆ ನಿಂತಾಗ ನಾನು ಸಾರಿನ ಬಕೆಟ್ಟನ್ನು ಕೆಳಗಿಟ್ಟೆ.

“ಯಾರ ಮಗನಪ್ಪ ನೀನು?”

ಮಂಡ್ಯದ ಮೇಷ್ಟ್ರು ಎಂದಿದ್ದರೆ ಸಾಕಿತ್ತು. ಅವನು ತಲೆಯೆತ್ತಿ, “ಕೆಂಪಮ್ಮನ ಮಗ ಕಣವ್ವ. ಕೆಳಗ್ಲ ಕೇರಿ,” ಎಂದ.

ಅಕ್ಕಪಕ್ಕದ ಎರಡು ಮೂರು ಎಲೆಗಳಲ್ಲಿ ಕೈ ನಿಂತಿತು. ದೊಡ್ಡಮ್ಮ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು.

“ಕೆಂಪಿ ಮಗನಾ? ನಾಟಿ ಆಕ್ತಾ ಗದ್ದೆಗೆ ಗದ್ದೇನೇ ನಗಿಸ್ತಿದ್ಲಲ್ಲ, ಆ ಕೆಂಪಿ?” ನನ್ನ ಕಡೆ ತಿರುಗಿದಳು. “ಏನ್ಲಾ ನೋಡ್ತಾ ನಿಂತಿದ್ದೀಯೆ? ಇನ್ನೊಂದು ಮುದ್ದೆ ಇಕ್ಸು ಇವ್ನಿಗೆ.”

“ಸಾಕು ಕಣವ್ವ.”

“ಸಾಕು ಅನ್ನಕ್ಕೆ ನೀನೇನು ಎಣ್ಣು ನೋಡಕ್ಕೆ ಬಂದಿದ್ದೀಯಾ? ಉಣ್ಣು!”

ಪಂಕ್ತಿಯೆಲ್ಲ ನಕ್ಕಿತು. ಅವನೂ ನಕ್ಕ, ತಲೆ ತಗ್ಗಿಸಿ ಉಂಡ. ನಾನು ದೊಡ್ಡ ಕ್ರಾಂತಿ ಮಾಡಿದವನಂತೆ ಬಕೆಟ್ಟು ಎತ್ತಿಕೊಂಡು ಮುಂದೆ ಹೋದೆ.

ಕೈ ತೊಳೆಯುವ ಕಡೆ ಅವನು ಸಿಕ್ಕಿದ. ಊಟ ಹೇಗಿತ್ತೆಂದು ಕೇಳಿದೆ. “ಚೆನ್ನಾಗಿತ್ತು ಕಣ್ಲಾ,” ಎಂದವನು ಕರ್ಚೀಫಿನಲ್ಲಿ ಬಹಳ ಹೊತ್ತು ಕೈ ಒರೆಸಿಕೊಂಡ. “ನಮ್ಮವ್ವಂಗೂ ಯಾರಾದ್ರೂ ಒಂದ್ ದಪ ಇಂಗೆ ಗದರ್ಬೇಕಿತ್ತು.”

ಅಷ್ಟರಲ್ಲಿ ಎರಡನೇ ಪಂಕ್ತಿಗೆ ಎಲೆ ಹಾಕಿದ್ದರು. ಅರ್ಧಕ್ಕರ್ಧ ಚಾಪೆ ಖಾಲಿ. ಮಗಳ ಗೆಳತಿಯರು ಮಂಡಿ ಮಡಿಸಲಾಗದೆ ತಟ್ಟೆ ಕೇಳಿ ನಿಂತೇ ತಿಂದರು. ನನ್ನ ವಯಸ್ಸಿನವರು ಮಂಡಿ ನೋವೆಂದು ಕುರ್ಚಿ ಎಳೆದುಕೊಂಡರು. ಎಲ್ಲರಿಗೂ ಜಾಗವಾದ ಹೊತ್ತಿಗೆ ಕೂರುವವರೇ ಇರಲಿಲ್ಲ.

ಎಲ್ಲ ಮುಗಿದು ಶಾಮಿಯಾನ ಬಿಚ್ಚುತ್ತಿದ್ದಾಗ ದೊಡ್ಡಮ್ಮ ಜಗಲಿಯ ಮೇಲೆ ಕೂತು ನನ್ನನ್ನು ಕರೆದಳು. ಅಡುಗೆ ಮಿಕ್ಕಿತೋ ಎಂದು ಕೇಳುತ್ತಾಳೆಂದುಕೊಂಡೆ. ಅವಳು ಹೊಲದ ಕಡೆ ನೋಡುತ್ತ ಹೇಳಿದಳು: “ಕೆಂಪಿಗೆ ಗದ್ದೆ ಬದೀಲಿ ನಾನೇ ಬುತ್ತಿ ಕೊಡ್ತಿದ್ದೆ ಕಣ್ಲಾ. ಮೇಲಿಂದ ಆಕ್ತಿದ್ದೆ. ಅವ್ಳು ಬೊಗಸೆ ಒಡ್ಡೋಳು. ಹೊಟ್ಟೆ ತುಂಬ್ತೇನವ್ವ ಅಂತ ನಾನು ಒಂದಿನಾನೂ ಕೇಳ್ನಿಲ್ಲ.”

ಪಂಕ್ತಿ ಹೋಯಿತಲ್ಲ ಎಂದು ನಾನು ಈಗಲೂ ಹಳಹಳಿಸುತ್ತೇನೆ. ಕ್ರಮಗಳು ಹೋಗುತ್ತವೆ, ಹೊಸವು ಬರುತ್ತವೆ, ಅದಕ್ಕೆ ಯಾರೇನು ಮಾಡಲಾದೀತು? ಅಷ್ಟೊಂದು ಅಕ್ಕರೆಯಿದ್ದ ಜನ, ಪಂಕ್ತಿ ಇದ್ದಾಗಲೇ ಚಾಪೆಯನ್ನು ಇನ್ನು ನಾಲ್ಕು ಮೊಳ ಉದ್ದ ಹೆಣೆಯಲಿಲ್ಲವಲ್ಲ ಎಂಬುದೊಂದೇ ಉಂಡದ್ದನ್ನು ಅರಗಗೊಡುವುದಿಲ್ಲ.