ಕುರುಗೋಡಿನಿಂದ ಬಂದ ಕುರ್ಚಿ

ತಾತನ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದ ಬಣ್ಣಕ್ಕೆ ತಿರುಗಿ, ಹಾಗೇ ಗಟ್ಟಿಯಾಗಿಬಿಟ್ಟಿತ್ತು. ಜೀವಮಾನವೆಲ್ಲ ಪಾಲಿಶ್ ಮುಟ್ಟಿದ ಉಗುರು. ಯಾವ ಹಳೆಯ ಕುರ್ಚಿ ಕಂಡರೂ ಮೊದಲು ಅದನ್ನು ಕೆತ್ತನೆಯ ಸಂದಿಗೆ ಇಳಿಸಿ, ಬಳ್ಳಿಯ ಗುಂಟ ನಿಧಾನವಾಗಿ ಎಳೆಯುತ್ತಿದ್ದರು. ಎಲ್ಲೂ ತಡೆಯದೆ ಜಾರಿದರೆ ಅದು ನಿಜಕ್ಕೂ ಹಳೆಯದು, ಎಷ್ಟೋ ಕೈ ಸವರಿ ನುಣುಪಾದದ್ದು. ಕರಕರ ಎಂದರೆ ಮೊನ್ನೆ ಕೆತ್ತಿ, ಚಹಾದ ನೀರು ಬಳಿದು ಹಳೆಯದೆಂದು ಮಾರಲು ತಂದದ್ದು. "ಇದು ನಿನ್ನಿ ಹುಟ್ಟೈತಿ, ಮುದುಕನ ಮೀಸಿ ಹಚ್ಕೊಂಡು ಬಂದೈತಿ" ಎಂದು ತಂದವನ ಎದುರೇ ನಗುತ್ತಿದ್ದರು.

ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ ಅವರದು ಹಳೆಯ ಮರದ ಸಾಮಾನಿನ ಅಂಗಡಿ. ಸುತ್ತಲಿನವರಿಗೆಲ್ಲ ಅವರು ಕುರ್ಚಿ ತಾತ. ದೊರೆಗಳ ಕಾಲದ ಬಂಗಲೆಗಳಿಂದ ಬಂದ ಬೀಟೆ ಮರದವು, ಸಿರುಗುಪ್ಪದ ಕಡೆಯ ಗೌಡರ ಮನೆಗಳಿಂದ ಬಂದ ತೇಗದವು, ಸಿಂಹದ ಪಾದದವು, ನವಿಲಿನ ಬೆನ್ನಿನವು, ಎಲ್ಲವೂ ಒಂದರ ಮೇಲೊಂದು ಕಾಲೆತ್ತಿಕೊಂಡು ಬಿದ್ದಿರುತ್ತಿದ್ದವು. ತಾತ ಮಾತ್ರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೆತ್ತ ಹೆಣೆಯುತ್ತಿದ್ದರು.

ನಾನು ಅವರ ಬಳಿ ಹೋದದ್ದು ಅತ್ತೆಗೊಂದು ಕುರ್ಚಿ ಬೇಕೆಂದು. ಅತ್ತೆ ರಾರಾವಿಯವರು. ಭತ್ತದ ಗದ್ದೆಯಲ್ಲಿ ದುಡಿದು ದುಡಿದು ಎರಡೂ ಮಂಡಿ ಹೋಗಿದ್ದವು. ನೆಲದ ಮೇಲೆ ಕೂರುವಂತಿಲ್ಲ. ಹೊಸ ಮನೆಗೆ ನಾವು ತಂದ ಸೋಫಾದಲ್ಲಿ ಕೂತರೆ ಏಳಲು ಇಬ್ಬರು ಬೇಕು. "ಇದರಾಗ ಕುಂತ್ರ ಕೆಸರಾಗ ಕಾಲಿಟ್ಟಂಗ ಆಗತೈತಿ" ಎಂದು ಅವರು ಒಳಕೋಣೆಯ ಮಂಚ ಹಿಡಿದರು. ಊಟವೂ ಅಲ್ಲೇ, ಬಂದವರ ಜೊತೆ ಮಾತೂ ಅಲ್ಲಿಂದಲೇ ಕೂಗಿ. ಮಾತಿನ ಮಲ್ಲಿಯಂಥ ಆ ಹೆಂಗಸು ಮೂಲೆ ಸೇರಿದ್ದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅವರನ್ನು ಪಡಸಾಲೆಗೆ ತರಬೇಕು, ಅದೂ ಈ ವಾರವೇ ತರಬೇಕು ಎಂದು ನನ್ನ ಹಟ.

ತಾತ ಮಾತ್ರ ಕೊಡಲೊಲ್ಲರು. ಐದು ಭಾನುವಾರ ಅಲೆಸಿದರು. ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಬರಲು ಹೇಳಿ, ಹಿಮ್ಮಡಿಯಿಂದ ಮಂಡಿಯವರೆಗೆ ಸೆಣಬಿನ ದಾರ ಹಿಡಿದು ಅಳೆದರು. ಒಂದೊಂದು ಕುರ್ಚಿಯಲ್ಲಿ ಕೂರಿಸಿ, ಒಂದು ಲೋಟ ಚಹಾ ಕುಡಿದು ಮುಗಿಯುವವರೆಗೂ ಏಳಗೊಡುತ್ತಿರಲಿಲ್ಲ. ಆಮೇಲೆ ತಲೆ ಅಲ್ಲಾಡಿಸುವರು. ಒಂದು ಆಳ ಹೆಚ್ಚು, ಒಂದು ಕುಳ್ಳು. ಇನ್ನೊಂದರ ಕೈಯ ಮೇಲೆ ಸಿಂಹದ ಮುಖ ಕೆತ್ತಿದೆ, ಅದನ್ನು ಊರಿಕೊಂಡು ಏಳುವಾಗ ಅಂಗೈಗೆ ಚುಚ್ಚುತ್ತದೆ.

"ತಾತಾ, ಯಾವುದೋ ಒಂದು ಕೊಟ್ಟು ಬಿಡ್ರಿ" ಎಂದು ನಾನು ರೇಗಿದೆ.

"ನಿನಗಾಗಿದ್ರ ಯಾವುದಾದ್ರೂ ನಡೀತಿತ್ತವ್ವ. ನೀ ಎಲ್ಲಿ ಕುಂದ್ರಾಕಿ? ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟೀದಿ. ಕುಂದ್ರಾಕಿ ಅಕಿ, ತಡಿ."

ತಡೆಯುವ ಗುಣ ನನ್ನದಲ್ಲ. ಬಸ್ಸಿನಲ್ಲೂ ಸೀಟು ಬಿಟ್ಟು ಬಾಗಿಲ ಬಳಿ ನಿಲ್ಲುವವಳು ನಾನು. ಕುರುಗೋಡಿನಲ್ಲಿ ನಾನು ಪಾಠ ಹೇಳುವ ಶಾಲೆಯ ಸಹೋದ್ಯೋಗಿಯೊಬ್ಬರು, ಅಲ್ಲಿ ಹಳೆಯ ಮನೆಯೊಂದು ಪಾಲಾಗುತ್ತಿದೆ, ಸಾಮಾನು ಕೊಡುತ್ತಿದ್ದಾರೆ ಎಂದದ್ದೇ ತಡ, ಮಧ್ಯಾಹ್ನದ ಬಿಡುವಿನಲ್ಲಿ ಓಡಿದೆ. ಪಡಸಾಲೆಯ ಮೂಲೆಯಲ್ಲಿ ಒಂದು ತೇಗದ ಕುರ್ಚಿ. ಎತ್ತರದ ನೆಟ್ಟನೆಯ ಬೆನ್ನು, ಬೆನ್ನ ತುಂಬ ದ್ರಾಕ್ಷಿ ಬಳ್ಳಿ, ಅಗಲವಾದ ನುಣುಪು ಕೈಗಳು. ತಾತ ಬೇಡವೆಂದ ದೋಷ ಒಂದೂ ಇರಲಿಲ್ಲ. ಅವರಿಗೆ ಹೇಳದೆಯೇ ಅದನ್ನು ಟೆಂಪೋದಲ್ಲಿ ಹೇರಿಸಿ ತಂದೆ. ಗೆದ್ದೆ ಎಂದುಕೊಂಡೆ.

ಅತ್ತೆ ಕೂತರು, ತಾವೇ ಎದ್ದರು, ಮತ್ತೆ ಕೂತರು. ಸಣ್ಣ ಹುಡುಗಿಯ ಹಾಗೆ ನಕ್ಕರು. ಅಂದಿನಿಂದ ಅವರ ಸಂಸಾರವೆಲ್ಲ ಅದರಲ್ಲೇ. ಅವರೆಕಾಯಿ ಸುಲಿಯುವುದು, ತರಕಾರಿಯವಳ ಜೊತೆ ಜಗಳ, ಊಟದ ಮೇಲಿನ ಜೊಂಪು. ಮನೆಗೆ ಮತ್ತೆ ಮಾತು ಬಂತು.

ಒಂದು ತಿಂಗಳಿಗೆ ಸೀಟಿನ ಬೆತ್ತ ಸಡಿಲವಾಯಿತು. ನಾಚಿಕೆ ಬಿಟ್ಟು ತಾತನನ್ನೇ ಕರೆಯಬೇಕಾಯಿತು. ಅತ್ತೆ ಹಿತ್ತಲಿನಲ್ಲಿದ್ದರು. ತಾತ ಕುರ್ಚಿಯನ್ನು ತಿರುವಿ ಹಾಕಿ ಮೆಚ್ಚಿದರು. ಬೆನ್ನಿನ ಕಂಬಗಳ ಹಿಂದೆ ಉಗುರು ಎಳೆದವರು ಥಟ್ಟನೆ ನಿಲ್ಲಿಸಿದರು. ಎದೆಯ ಮಟ್ಟಕ್ಕೆ, ಎರಡೂ ಕಂಬಗಳಲ್ಲಿ ಸರಿಸಮನಾಗಿ, ಮರ ಸವೆದು ಗೀರು ಬಿದ್ದಿತ್ತು. ಬಳ್ಳಿಯ ಸಂದಿಯಿಂದ ಉಗುರಿಗೆ ಬಂದ ಬಿಳಿ ಪುಡಿಯನ್ನು ನನ್ನ ಮುಂದೆ ಹಿಡಿದರು.

"ವಿಭೂತಿ. ಯಾವೂರ್ದವ್ವ ಇದು?"

ಹೇಳಿದೆ.

"ಇದರಾಗ ಹೆಣ ಕುಂದ್ರಸ್ತಿದ್ರು. ವಾಲಬಾರ್ದಂತ ಎದಿಗೆ ಬಟ್ಟಿ ಸುತ್ತಿ ಕಂಬಕ್ಕ ಕಟ್ಟತಾರಲ್ಲ, ಆ ಗುರುತು ಇದು. ಒಂದೆರಡು ಸಲ ಕಟ್ಟಿದ್ರ ಇಷ್ಟು ಸವಿಯಂಗಿಲ್ಲ."

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಕೂರಿಸಿಯೇ ಪೂಜೆ, ಕೂರಿಸಿಯೇ ಮಣ್ಣು. ಇಷ್ಟು ಹೆಣ ನೋಡಿದ ನನಗೆ, ಅವರನ್ನು ಕೂರಿಸಿದ ಕುರ್ಚಿ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಸಹೋದ್ಯೋಗಿಗೆ ಫೋನು ಮಾಡಿದೆ. "ಹೌದ್ರಿ, ಓಣ್ಯಾಗ ಯಾರು ಸತ್ರೂ ಅದನ್ನ ಒಯ್ತಿದ್ರು. ನಿಮಗ ಹೇಳಿಲ್ಲೇನ್ರಿ?" ಎಂದರು.

ಅತ್ತೆಗೆ ಹೇಳಬೇಡಿ ಎಂದು ತಾತನ ಕೈ ಹಿಡಿದೆ.

"ಕುರ್ಚಿ ಕಥಿ ಮುಚ್ಚಿಟ್ಟು ನಾ ಯಾರನ್ನೂ ಕುಂದ್ರಿಸಿಲ್ಲವ್ವ. ನೀನ ಹೇಳು. ಬರೋ ಭಾನುವಾರ ಬೆತ್ತ ತರ್ತೀನಿ, ಅಷ್ಟ್ರಾಗ ಹೇಳಿರು."

ಆ ವಾರ ನಾನು ಅನುಭವಿಸಿದ್ದು ಯಾರಿಗೂ ಬೇಡ. ತರಗತಿಯಲ್ಲಿ ಲೆಕ್ಕ ಅರ್ಧಕ್ಕೆ ಬಿಟ್ಟು ನಿಲ್ಲುತ್ತಿದ್ದೆ. ಮನೆಗೆ ಬಂದರೆ ಅತ್ತೆ ಕುರ್ಚಿಯಲ್ಲಿ ತಲೆ ವಾಲಿಸಿ, ಬಾಯಿ ತೆರೆದು ಜೊಂಪಿಗೆ ಜಾರಿರುವರು. ನಾನು ಗಾಬರಿಯಿಂದ "ಅತ್ತೀ!" ಎಂದು ಕೂಗುವೆ. "ಏನಾತಲೇ, ನಿದ್ದಿ ಮಾಡಾಕೂ ಬಿಡವಲ್ಲಿ" ಎಂದು ಬೈಯುವರು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುತ್ತ ಶನಿವಾರವೂ ಕಳೆಯಿತು.

ಭಾನುವಾರ ತಾತ ಬಂದರು. ನಾನು ಹೇಳಿಲ್ಲವೆಂದು ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಅತ್ತೆ ಕುರ್ಚಿಯ ಕೈ ಊರಿಕೊಂಡು ನಿಧಾನವಾಗಿ ಎದ್ದರು.

"ಯಕ್ಕಾ, ನಮ್ಮ ಧರ್ಮದಾಗ ಸೂತಕ ಇಲ್ಲ" ಎಂದರು ತಾತ.

"ಧರ್ಮದಾಗ ಇಲ್ಲಪ್ಪ. ಎದ್ಯಾಗ ಐತಿ" ಎಂದು ಅತ್ತೆ ಒಳಕೋಣೆಗೆ ಹೋದರು.

ಮತ್ತೆ ಅದೇ ಮಂಚ, ಅದೇ ಮೂಲೆ. ಈಗ ಕೂಗಿ ಮಾತಾಡುವುದನ್ನೂ ಬಿಟ್ಟರು. ತಾತ ಬೆತ್ತ ಹೆಣೆದು ಮುಗಿಸಿ ಹೊರಟಾಗ ನಾನು ಚಹಾ ಬೇಕೇ ಎಂದೂ ಕೇಳಲಿಲ್ಲ. ಈ ಮುದುಕನಿಗೆ ಸತ್ಯದ ಚಟ, ಅದಕ್ಕೆ ನಮ್ಮ ಮನೆ ಬಲಿಯಾಯಿತು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಅವರ ಓಣಿಯ ಕಡೆ ಹಾಯುವುದನ್ನೇ ಬಿಟ್ಟೆ. ಎರಡು ಸಲ ಅವರಿಂದ ಫೋನು ಬಂತು, ಎತ್ತಲಿಲ್ಲ. ಕಟ್ಟಡ ಕೆಡವುತ್ತಾರೆಂದು ಅವರು ಅಂಗಡಿ ಖಾಲಿ ಮಾಡಿದ ಸುದ್ದಿಯೂ ಬೇರೆಯವರಿಂದ ತಿಳಿಯಿತು. ಕುರ್ಚಿಯನ್ನು ಮಾರಲೂ ಮನಸ್ಸಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಅದನ್ನು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ಎಳೆದಾಡುತ್ತಿದ್ದೆ.

ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವರ ಓಣಿಯವರೊಬ್ಬರು ಫೋನು ಮಾಡಿ, ತಾತ ಹೋದರು ಎಂದರು. ಓಡಿದೆ. ಸಣ್ಣ ಮನೆ. ಜನ್ಮವಿಡೀ ಕುರ್ಚಿ ಮಾರಿದವರ ಮನೆಯಲ್ಲಿ ಒಂದೂ ಮರದ ಕುರ್ಚಿ ಇರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದರು. ಭಾರಕ್ಕೆ ಅದರ ಕಾಲುಗಳು ಅಗಲವಾಗಿ ಬಾಗಿ, ದೇಹ ಪಕ್ಕಕ್ಕೆ ವಾಲುತ್ತಿತ್ತು. ಇಬ್ಬರು ಆಚೆ ಈಚೆ ಹಿಡಿದು ನಿಂತಿದ್ದರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಹೊರಗೆ ಬಂದು ಅತ್ತೆಗೆ ಫೋನಿನಲ್ಲಿ ಹೇಳುತ್ತ ಅತ್ತುಬಿಟ್ಟೆ.

ಅತ್ತೆ ನಡುವೆಯೇ ತಡೆದರು. "ಹಿಡಕೊಂಡು ನಿಂತಾರ? ಛೀ. ತಡಿ, ಬಂದೆ."

ಗೂಡ್ಸ್ ಆಟೋ ಬಂದು ನಿಂತಿತು. ಡ್ರೈವರನ ಪಕ್ಕ ಅತ್ತೆ, ಹಿಂದೆ ಹಗ್ಗ ಬಿಗಿದ ದ್ರಾಕ್ಷಿ ಬಳ್ಳಿಯ ಕುರ್ಚಿ. ಯಾರ ಕೈಯನ್ನೂ ಹಿಡಿಯದೆ ಇಳಿದು, "ಇದರಾಗ ಕುಂದ್ರಸ್ರಿ" ಎಂದರು. ತಾತನನ್ನು ಎತ್ತಿ ಕೂರಿಸಿದರು, ವಿಭೂತಿ ಹಚ್ಚಿದರು, ಅತ್ತೆಯೇ ಮುಂದೆ ಹೋಗಿ ಎದೆಯ ಮೇಲಿನ ಬಟ್ಟೆ ಸರಿಮಾಡಿದರು. ತಾತ ನೆಟ್ಟಗೆ, ಯಾರ ಹಂಗೂ ಇಲ್ಲದೆ ಕೂತರು. ಜನ ಬಂದು ಕೈ ಮುಗಿದು ಹೋಗುತ್ತಲೇ ಇದ್ದರು.

ಮರುದಿನ ಕುರ್ಚಿಯನ್ನು ತೊಳೆದು ತಂದುಕೊಟ್ಟರು. ಅಂಗಳದ ಬಿಸಿಲಿಗಿಟ್ಟು, ಇದನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಹೇಳಲು ಅತ್ತೆಯನ್ನು ಹುಡುಕುತ್ತ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಹಿತ್ತಲಿನಿಂದ ಬಂದು ಅದರಲ್ಲಿ ಕೂತಿದ್ದರು.

"ಅತ್ತೀ, ಅಂಜಿಕಿ ಹೋತೇನ್ರಿ?"

"ಆವಾಗ ಯಾರ್ಯಾರು ಕುಂತಿದ್ರೋ ಏನೋ, ಒಬ್ಬರದೂ ಗುರುತಿರಲಿಲ್ಲ. ಈಗ ಗುರುತಿನ ಮನುಷ್ಯ ಕುಂತು ಹೋಗ್ಯಾನ. ಅವನಿಗೇನು ಅಂಜೋದು? ಇದನ್ನ ಪಡಸಾಲಿಗೆ ತಂದಿಡು."

ತಾತನಿಗೆ ನಾನು ಕ್ಷಮೆ ಕೇಳಬೇಕಿತ್ತು. ಆ ಎರಡು ಫೋನುಗಳಲ್ಲಿ ಒಂದನ್ನಾದರೂ ಎತ್ತಬೇಕಿತ್ತು. ಅದು ಇನ್ನು ಆಗದ ಮಾತು. ಈಗ ನೆಂಟರಿಷ್ಟರು ಬಂದು, ಎಷ್ಟು ಚಂದದ ಕೆತ್ತನೆ ಎನ್ನುತ್ತ ಕೂರಲು ಹೋದರೆ, ಅವರನ್ನು ತಡೆದು ಮೊದಲು ಕುರ್ಚಿಯ ಕಥೆ ಹೇಳುತ್ತೇನೆ. ಕೆಲವರು ಕೂರುತ್ತಾರೆ. ಕೆಲವರು ನಿಂತೇ ಚಹಾ ಕುಡಿದು ಹೋಗುತ್ತಾರೆ.