ಸಾರು ಕೊಟ್ಟಳು, ಹಣ್ಣು ಕೊಡಲಿಲ್ಲ

ಆಕೆಯ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಬೆಳೆದು ಯಾವಾಗಲೂ ಕಪ್ಪು ಹಸಿರಾಗಿರುತ್ತಿತ್ತು. ಟೊಮೆಟೊ ಗಿಡದ ರಸ ಹತ್ತಿದ ಬಣ್ಣ ಅದು. ತಿಕ್ಕಿದರೂ ಹೋಗುತ್ತಿರಲಿಲ್ಲ, ಆಕೆ ತಿಕ್ಕುತ್ತಲೂ ಇರಲಿಲ್ಲ. ಮಾತಾಡುವಾಗ ಆ ಉಗುರನ್ನು ಎದುರಿನವರ ಮೂಗಿನ ಮುಂದೆ ಆಡಿಸುವುದು ಬೇರೆ. ಬೈಲಹೊಂಗಲದಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿ ಆಕೆಯ ಮನೆ. ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಆದರೆ ನನಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ, ಆಕೆಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ನಾನು ಇದ್ದದ್ದನ್ನು ಹೇಳುತ್ತೇನೆ.

ನಮ್ಮಿಬ್ಬರ ಮಾಳಿಗೆಗಳ ನಡುವೆ ಸೊಂಟದೆತ್ತರದ ಗೋಡೆ. ಆಚೆ ಆಕೆಯ ಎಣ್ಣೆ ಡಬ್ಬಿಗಳು, ತುಕ್ಕು ಹಿಡಿದವು. ಅವುಗಳಲ್ಲಿ ಮೊಣಕಾಲೆತ್ತರ ದಾಟದ ಟೊಮೆಟೊ ಗಿಡಗಳು, ಬೊಡ್ಡೆ ಹೆಬ್ಬೆರಳು ದಪ್ಪ, ಗೊಂಚಲು ಗೊಂಚಲಾಗಿ ಹುಳಿ ಹಣ್ಣು. ತವರುಮನೆ ಸುರೇಬಾನದಿಂದ ತಂದ ಜವಾರಿ ಬೀಜವನ್ನು ವರ್ಷ ವರ್ಷ ಆರಿಸಿ ಡಬ್ಬಿಗೆ ಒಗ್ಗಿಸಿದ್ದಳು. ಕೋಲು ಕೊಡದೆ ಗಾಳಿಗೆ ನಿಂತ, ಎಲ್ಲಕ್ಕಿಂತ ಗಿಡ್ಡನೆಯ ಗಿಡ ಯಾವುದೋ ಅದರ ಹಣ್ಣಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಅದು ಬೀಜಕ್ಕೆ, ಉಳಿದದ್ದು ಅಡುಗೆಗೆ. ದಾರ ಮಾತ್ರ ನನ್ನದು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗುಡಿಸಿ ಬಾಗಿಲ ಬದಿಗೆ ಹಾಕಿದ ಚೂರುಗಳಲ್ಲಿ ಕೆಂಪನೆಯದನ್ನು ಹೇಳದೆ ಕೇಳದೆ ಆಯ್ದುಕೊಂಡು ಹೋಗುತ್ತಿದ್ದಳು.

ನನಗೂ ಆಸೆಯಾಯಿತು. ನೇಸರಗಿ ಸಂತೆಯಿಂದ ಸಸಿ ತಂದು ಬಣ್ಣದ ಬಕೆಟುಗಳಲ್ಲಿ ನೆಟ್ಟೆ. ಅವು ನನ್ನ ಭುಜದವರೆಗೆ ಬೆಳೆದವು, ಒಂದು ಗಾಳಿಗೆ ಬಕೆಟು ಸಮೇತ ಅಡ್ಡಬಿದ್ದವು. ಮುಂದಿನ ಸಲ ದಪ್ಪ ಹಣ್ಣಿನ ತಳಿ ತಂದೆ. ಕಾಯಿ ಬಲಿಯುವ ಮೊದಲೇ ಬುಡ ಕಪ್ಪಾಗಿ ಕೊಳೆಯಿತು. ಗೋಡೆಯ ಮೇಲೆ ಮೊಳಕೈ ಊರಿ ಆಕೆ ಎರಡನ್ನೂ ನೋಡಿ ನಕ್ಕಳು.

“ಟಮಾಟಿ ಹಚ್ಚೀಯೋ, ಕಬ್ಬ ಹಚ್ಚೀಯೋ? ಹೊಲದ ತಳಿ ತಂದು ಬಕೀಟಿನ್ಯಾಗ ಇಟ್ರ ಬೇರು ಎಲ್ಲಿ ಹೋಗಬೇಕ, ನಿನ್ನ ಅಡಗಿ ಮನ್ಯಾಗ? ಬಕೀಟ ಎಷ್ಟ ಐತಿ ನೋಡಿ ಸಸಿ ತರಬೇಕು.”

“ಹಂಗಾರ ನಿಮ್ಮ ಒಂದ ಹಣ್ಣ ಕೊಡ್ರಿ ಆಯಿ, ಬೀಜ ಮಾಡಕೊಂತೇನಿ.”

“ಹಣ್ಣ ಯಾಕ? ಸಾರು ಕಳಸ್ತೇನಿ, ಉಣ್ಣು.”

ಕಳಿಸಿದಳು ಕೂಡ. ಆಕೆಯ ರೀತಿಯೇ ಅದು. ಓಣಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮನೆಗೆ ಬೀಗರು ಬಂದರೂ ಬಟ್ಟಲು ತುಂಬ ಟೊಮೆಟೊ ಸಾರು ಹೋಗುತ್ತಿತ್ತು. ಒಂದೇ ಒಂದು ಹಸಿ ಹಣ್ಣು ಆ ಹೊಸಿಲು ದಾಟಿದ್ದನ್ನು ಯಾರೂ ಕಂಡಿಲ್ಲ. ಕುದ್ದ ಬೀಜ ಮೊಳೆಯುವುದಿಲ್ಲವಲ್ಲ, ಅದಕ್ಕೆ. ಗೊತ್ತಿದ್ದೂ ನಾನು ಒಮ್ಮೆ ಸಾರಿನ ಬೀಜ ಸೋಸಿ ಮಣ್ಣಿಗೆ ಹಾಕಿದೆ. ಆಕೆ ಅದನ್ನೂ ನೋಡಿದಳು. ಮರುದಿನ ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ, “ಈಕಿ ಸಾರ ಬಿತ್ತಾಕ ಹತ್ಯಾಳ ನೋಡ್ರಿ” ಎಂದಳು. ಆ ನಗೆ ನನಗೆ ಇನ್ನೂ ಉರಿಯುತ್ತದೆ.

ಇಷ್ಟು ಬಿಗಿ ಯಾಕೆಂದು ಒಮ್ಮೆ ಕೇಳಿದ್ದೆ. “ಕಟಕೋಳದ ನಮ್ಮ ನೆಗೆಣ್ಣಿಗೆ ಕೊಟ್ಟಿದ್ದೆ. ಎತ್ತರ ಗಿಡದ ಬೀಜ ಹಿಡದು ತಳೀನ ಕೆಡಿಸಿದ್ಲು. ಆಮ್ಯಾಲೆ ನನ್ನ ಬೀಜನ ಖೊಟ್ಟಿ ಅಂತ ಊರೆಲ್ಲಾ ಹೇಳ್ಕೋತ ತಿರಗಿದ್ಲು” ಎಂದಳು. ಅದು ನಿಜವೇ ಇರಬಹುದು. ಓರಗಿತ್ತಿ ಮಾಡಿದ್ದಕ್ಕೆ ನಾನೇಕೆ ಅನುಭವಿಸಬೇಕು?

ಮೂರನೆಯ ಸಲವೂ ನನ್ನ ಗಿಡಗಳು ಕೆಟ್ಟ ದಿನ ಸಿಟ್ಟು ನೆತ್ತಿಗೇರಿತ್ತು. ಆಕೆ ಮಾಳಿಗೆಯ ಮೇಲೆ ಕುಳಿತು ಹಣ್ಣು ಹಿಚುಕಿ ಬಟ್ಟಲಲ್ಲಿ ಬೀಜ ತೊಳೆಯುತ್ತಿದ್ದಳು. ಗೋಡೆಯ ಹತ್ತಿರ ಹೋಗಿ ಒದರಿದೆ: “ನಿಮ್ಮ ಬೀಜ ನಿಮ್ಮ ಜೋಡಿನ ಮಣ್ಣಾಗ ಹೋಗ್ಲಿ!”

ಆಕೆ ಎದ್ದಳು. ಆ ಬಟ್ಟಲಿನಲ್ಲಿದ್ದ ಹುಳಿ ನೀರನ್ನು ಸಿಪ್ಪೆ ಸಮೇತ ನನ್ನ ಕಡೆ ರಪ್ಪನೆ ಎರಚಿದಳು. ನಾನು ಹಿಂದೆ ಸರಿದೆ, ಅದು ಗೋಡೆಯ ಬುಡದಲ್ಲಿದ್ದ ನನ್ನ ಕರಿಬೇವಿನ ಡಬ್ಬಿಗೆ ಬಿತ್ತು. “ತಗೋ, ನಿನಗ ಇದ ಲಾಯಕ್ಕ” ಎಂದು ಕೆಳಗಿಳಿದು ಹೋದಳು. ಅವೇ ಆಕೆ ನನಗೆ ಆಡಿದ ಕಡೆಯ ಮಾತುಗಳು.

ವಾರದೊಳಗೆ ಆಯಿ ಹೋದಳು. ಮಲಗಿದಲ್ಲೇ ಹೋದಳಂತೆ. ನನ್ನ ಮಾತು ತಾಗಿತೆಂದು ನಾನು ನಂಬುವುದಿಲ್ಲ, ಆದರೂ ಎರಡು ದಿನ ಮಷಿನ್ ತುಳಿಯಲು ಮನಸ್ಸಾಗಲಿಲ್ಲ. ತಿಥಿಯ ದಿವಸದ ಅಡುಗೆಗೆಂದು ಆಕೆಯ ಮನೆಯ ಹೆಣ್ಣುಮಕ್ಕಳು ಮಾಳಿಗೆ ಹತ್ತಿ ಇದ್ದಬದ್ದ ಹಣ್ಣನ್ನೆಲ್ಲ ಕಿತ್ತು ತಂದರು, ಬೀಜಕ್ಕೆ ಬಿಟ್ಟದ್ದನ್ನೂ. ನಾನು ಹೋಗುವಷ್ಟರಲ್ಲಿ ಕೆಂಪು ದಾರಗಳು ಒಲೆಯ ಪಕ್ಕ ಬಿದ್ದಿದ್ದವು, ಸಾರು ಕುದಿಯುತ್ತಿತ್ತು. ಎಲ್ಲರ ಜೊತೆ ಕುಳಿತು ಆ ಸಾರನ್ನು ನಾನೂ ಉಂಡೆ. ಮರುದಿನ ಆಕೆಯ ಮಗ ಗಿಡಗಳನ್ನು ಕಿತ್ತು ಡಬ್ಬಿಗಳನ್ನು ಗುಜರಿಯವನಿಗೆ ಹಾಕಿದ.

ಅದಾಗಿ ಸ್ವಲ್ಪ ದಿನಕ್ಕೆ ಕರಿಬೇವಿಗೆ ನೀರು ಹಾಕಲು ಬಗ್ಗಿದಾಗ ಕಂಡವು, ಬೊಡ್ಡೆಯ ಸುತ್ತ ಒತ್ತೊತ್ತಾಗಿ ಟೊಮೆಟೊ ಸಸಿಗಳು. ಆಯಿ ಹೋಗುವಾಗ ನಿನಗೇ ಕೊಟ್ಟು ಹೋದಳು ಎಂದು ಓಣಿಯವರು ಕಣ್ಣೀರು ತೆಗೆಯುತ್ತಾರೆ. ಸುಳ್ಳು. ಕೊಡಲಿಲ್ಲ, ನನ್ನ ಮುಖಕ್ಕೆ ಎರಚಿದಳು, ಗುರಿ ತಪ್ಪಿತು. ಆದರೂ ಇಂದು ನಾನು ಉಣ್ಣುವುದು ಆಕೆಯ ಹಣ್ಣನ್ನೇ. ಗಿಡ್ಡನೆಯ ಗಿಡ ನೋಡಿ ಕೆಂಪು ದಾರ ಕಟ್ಟುವುದೂ ಆಕೆಯಿಂದಲೇ ಬಂದದ್ದು.

ಈಗ ಆಯಿಯ ಮನೆಗೆ ಬಾಡಿಗೆಗೆ ಒಬ್ಬ ಹುಡುಗಿ ಬಂದಿದ್ದಾಳೆ, ಹೊಸದಾಗಿ ಮದುವೆಯಾದವಳು. ಮೊನ್ನೆ ಮಾಳಿಗೆಯ ಮೇಲೆ ಎರಡು ಹೊಸ ಬಕೆಟು ತಂದಿಟ್ಟುಕೊಂಡು ಗೋಡೆಯ ಹತ್ತಿರ ಬಂದಳು.

“ಅಕ್ಕಾರ, ನಿಮ್ಮ ಗಿಡ ಭಾಳ ಚಂದ ಅದಾವ್ರಿ. ಒಂದ ಹಣ್ಣ ಕೊಡ್ರಿ, ಬೀಜ ಮಾಡಕೊಂತೇನಿ.”

ನನ್ನ ಕೈ ಗೊಂಚಲಿನ ಮೇಲೇ ಇತ್ತು. ಹೆಬ್ಬೆರಳಿನ ಉಗುರು ಕಪ್ಪು ಹಸಿರಾಗಿತ್ತು.

“ಹಣ್ಣ ಯಾಕವಾ?” ಎಂದೆ. “ಸಾರು ಕಳಸ್ತೇನಿ, ಉಣ್ಣು.”